ನನ್ನನ್ನು ಕುರ್ಚಿಯಲ್ಲಿ ಕೂರಿಸಿದ ಸೌದಾಳಿಗೆ

ಪರಿತ್ ಬಂಬನ್, ಕ್ವಾಲಾ ಪಿಲಾಹ್
ಸೋಮವಾರ, ಬಟ್ಟೆ ಒಣಹಾಕಿ ಬಂದ ಮೇಲೆ

ಸೌದಾ,

ಸಲಾಂ ಹೇಳದೆ ಯಾರಿಗೂ ಪತ್ರ ಬರೆಯಬಾರದು ಎಂದು ನನಗೆ ಕಲಿಸಿದವಳು ನಿನ್ನಮ್ಮ. ಆ ತಾಯಿಯ ಮೇಲಿನ ಗೌರವಕ್ಕೆ ಸಲಾಂ. ನಿನಗೋಸ್ಕರ ಅಲ್ಲ.

ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದು ಕಾಲುವೆ, ಒಂದು ರಂಬುತಾನ್ ಮರ. ಜೋರಾಗಿ ಸೀನಿದರೂ ಆಚೆ ಮನೆಗೆ ಕೇಳುತ್ತದೆ. ಆದರೂ ಕಾಗದ ಹಿಡಿದು ಕೂತಿದ್ದೇನೆ. ಯಾಕೆಂದರೆ ಎದುರಿಗೆ ಬಂದು ಬೈಯಲು ಶುರು ಮಾಡಿದರೆ ನೀನು ನಡುವೆ ಏನಾದರೂ ಒಂದು ಹೇಳಿ ನನ್ನನ್ನು ನಗಿಸಿಬಿಡುತ್ತೀ, ಬೈಗುಳ ಅಲ್ಲಿಗೇ ನಿಂತುಹೋಗುತ್ತದೆ. ಫೋನ್ ಮಾಡೋಣವೆಂದರೆ "ಒಲೆ ಮೇಲೆ ಮೀನಿದೆ ಕಣೆ" ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಮೀನು ಸೀದರೂ ಸೀಯಲಿ, ಪೂರ್ತಿ ಓದು.

ನಿನ್ನ ಮಗಳು ಹುಸ್ನಾಳ ಮದುವೆಯಾದ ಮೇಲೆ ನೀನು ಎರಡು ಸಲ ನನ್ನ ಬಾಗಿಲಿಗೆ ಬಂದೆ. ನಾನು ಒಳಗೇ ಇದ್ದೆ. ಮೊದಲನೆಯ ಸಲ ಸ್ನಾನ ಮಾಡುತ್ತಿದ್ದೇನೆ ಎಂದು ಕೂಗಿದೆ, ಎರಡನೆಯ ಸಲ ಅದನ್ನೂ ಕೂಗಲಿಲ್ಲ. ನೀನು ಹೊರಗೆ ನಿಂತು "ಜವಾ, ತಲೆನೋವಾ? ಏನಾದ್ರೂ ತಂದ್ಕೊಡ್ಲಾ?" ಎಂದೆಯಲ್ಲ, ಆ ದನಿ! ಜ್ವರ ಬಂದ ಮಗುವನ್ನು ಮಾತಾಡಿಸುವ ದನಿ. ನಲವತ್ತು ವರ್ಷ ನನ್ನನ್ನು "ಏ ಜವಾಹಿರ್, ಸತ್ತಿದ್ದೀಯೇನೆ, ಬಾಗಿಲು ತೆಗಿಯೇ" ಎಂದು ಕರೆದವಳಿಗೆ ಈ ದನಿ ಎಲ್ಲಿಂದ ಬಂತು? ಆ ದನಿಗೆ ನಾನು ಬಾಗಿಲು ತೆಗೆಯುವುದಿಲ್ಲ. ನೀನು ಮೆಟ್ಟಿಲ ಮೇಲೆ ಇಟ್ಟುಹೋದ ಡಬ್ಬಿ ತೊಳೆದು ಕಾಲುವೆ ಪಕ್ಕದ ಕಲ್ಲಿನ ಮೇಲಿಟ್ಟಿದ್ದೇನೆ. ಒಳಗಿದ್ದದ್ದನ್ನು ತಿಂದೆ. ಚೆನ್ನಾಗಿತ್ತು. ಅದಕ್ಕೂ ಕೋಪವಿದೆ.

ಈಗ ಮದುವೆಯ ವಿಷಯ.

ನಿನ್ನ ಮಗಳ ಮದುವೆಗೆ ನಾನು ಬಂದಾಗ ಮದುವೆ ಹಾಲ್‌ನ ಬಾಗಿಲಲ್ಲಿ ಒಬ್ಬ ಹುಡುಗಿ ನನ್ನ ಹೆಸರು ಕೇಳಿದಳು. ಕೇಳಿ, ಕೈಯಲ್ಲಿದ್ದ ಹಾಳೆಯಲ್ಲಿ ಹುಡುಕಿ, "ಆರನೇ ಟೇಬಲ್ಲು ಅತ್ತೆ, ಬನ್ನಿ" ಎಂದು ಕರೆದುಕೊಂಡು ಹೋಗಿ ಕೂರಿಸಿದಳು. ಕುರ್ಚಿಗೂ ಬಟ್ಟೆ ತೊಡಿಸಿ ಬೆನ್ನಿಗೆ ರಿಬ್ಬನ್ ಕಟ್ಟಿದ್ದಿರಿ. ತಟ್ಟೆಯ ಮೇಲೆ ಒಂದು ಚೀಟಿ: ಗೌರವಾನ್ವಿತ ಅತಿಥಿ. ಪಕ್ಕದಲ್ಲಿ ವರನ ಕಡೆಯ ಯಾರೋ ಬ್ಯಾಂಕಿನ ಹೆಂಗಸು. ಒಳ್ಳೆಯವಳೇ. "ನೀವು ಹುಡುಗಿಗೆ ಏನಾಗ್ಬೇಕು?" ಎಂದು ಕೇಳಿದಳು.

ಏನು ಹೇಳಲಿ ಸೌದಾ? ಹುಸ್ನಾ ಹುಟ್ಟಿದಾಗ ನಿನಗೆ ಎದ್ದು ಕೂರಲೂ ತ್ರಾಣವಿರಲಿಲ್ಲ, ಆ ಕೂಸಿಗೆ ಮೊದಲು ಎಣ್ಣೆ ಹಚ್ಚಿದ ಕೈ ನನ್ನದು ಎನ್ನಲೇ? ನನಗೆ ಮಕ್ಕಳಾಗಲಿಲ್ಲವೆಂದು ಊರು ಮಾತಾಡಿಕೊಳ್ಳುತ್ತಿದ್ದಾಗ ನೀನು ಅವಳನ್ನು ತಂದು ನನ್ನ ಮಡಿಲಿಗೆ ಹಾಕಿ "ಹಿಡ್ಕೊ, ನಂಗೆ ಬಟ್ಟೆ ಒಗೆಯೋದಿದೆ" ಎಂದು ಹೋಗುತ್ತಿದ್ದೆ, ಒಗೆಯಲು ಬಟ್ಟೆಯೇ ಇಲ್ಲದ ದಿನವೂ ಹೋಗುತ್ತಿದ್ದೆ ಎನ್ನಲೇ? "ಗೊತ್ತಿಲ್ಲಮ್ಮ" ಎಂದೆ. ಅವಳು ನನ್ನನ್ನು ಒಂಥರಾ ನೋಡಿ ನೀರು ಕುಡಿದಳು.

ನಿಮ್ಮ ಮನೆ ನಮ್ಮ ಮನೆ ಎಂದು ನಾವು ಯಾವತ್ತು ಲೆಕ್ಕ ಇಟ್ಟಿದ್ದೆವು? ಪ್ರತಿ ರಂಜಾನಿನ ಕೊನೆಯ ವಾರ ಇಬ್ಬರೂ ಪೇಟೆಗೆ ಹೋಗಿ ಪರದೆ ಬಟ್ಟೆ ತರುತ್ತಿದ್ದೆವು. ನಿನ್ನ ಹೊಲಿಗೆ ಮಷೀನು, ನನ್ನ ಕತ್ತರಿ, ಉಪವಾಸದ ಬಾಯಿಗಳು, ಮತ್ತೆ ಎಷ್ಟು ಜಗಳ! ನೆರಿಗೆ ದೊಡ್ಡದಿರಬೇಕು ಎಂದು ನೀನು, ಬಟ್ಟೆ ಸಾಲುವುದಿಲ್ಲ ಎಂದು ನಾನು. ಒಂದು ವರ್ಷ ನಿನ್ನ ಆಸೆಬುರುಕತನಕ್ಕೆ ಒಂದು ಇಡೀ ಸುತ್ತು ಬಟ್ಟೆ ಕೊಂಡು ಎರಡೂ ಮನೆಗೆ ಅದೇ ನೇರಳೆ ಹೂವಿನ ಪರದೆ ಹಾಕಿದೆವು. ಮಸೀದಿಯಿಂದ ಮಸುಕಿನಲ್ಲಿ ಬಂದ ನನ್ನ ಬಹಾರೊಮ್ ಸೀದಾ ನಿಮ್ಮ ಮೆಟ್ಟಿಲು ಹತ್ತಿ, ಅಂಗಿ ಬಿಚ್ಚಿ ಮೊಳೆಗೆ ಹಾಕಿ, "ಚಹಾ ಕೊಡೇ" ಎಂದು ಕೂಗಿದ್ದ. ನಿನ್ನ ತಾಹಿರ್ ಒಳಗಿನಿಂದ ಬಂದು "ಕೊಡ್ತೀನಿ ಇರಪ್ಪಾ, ಹೆಂಡ್ತಿ ಅಡುಗೆ ಮನೇಲಿದ್ದಾಳೆ" ಎಂದನಂತೆ. ಆ ವರ್ಷದ ಹಬ್ಬ ಪೂರ್ತಿ ಊರು ಅದನ್ನೇ ಹೇಳಿ ನಕ್ಕಿತು.

ಆ ಇಬ್ಬರು ಗಂಡಸರು ಸೇರಿ ನಮ್ಮ ಮನೆಗಳಿಗೆ ಮಾಡಿದ ರಿಪೇರಿಗಳನ್ನು ರಿಪೇರಿ ಮಾಡುವುದರಲ್ಲೇ ನಮ್ಮ ಅರ್ಧ ಆಯುಷ್ಯ ಹೋಯಿತು. ನನ್ನ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗಕ್ಕೆ ಸಿಮೆಂಟು ಹಾಕಿದರಲ್ಲ, ಇಳಿಜಾರು ಮನೆಯ ಕಡೆಗೇ! ಒಂದು ಚೆಂಬು ನೀರು ಚೆಲ್ಲಿದರೆ ಹೊಸಿಲಿಗೆ ಬರುತ್ತಿತ್ತು. ನಾವು ಬೈದರೆ ಬಹಾರೊಮ್ ಮಂಡಿಯೂರಿ ನೆಲವನ್ನು ಸವರಿ ನೋಡಿ, "ನೆಲ ಸರಿಯಾಗೇ ಇದೆ. ನೀರಿಗೇ ಬುದ್ಧಿ ಇಲ್ಲ" ಎನ್ನುತ್ತಿದ್ದ. ತಾಹಿರ್ ತುಂಬ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ನೋಡು, ಬೈಯಲು ಕೂತು ನಾನೇ ನಗುತ್ತಿದ್ದೇನೆ. ಇದೇ ನನಗೆ ಆಗದ್ದು.

ಅಡುಗೆ ಚಪ್ಪರದ ವಿಷಯ ಬರೆಯದೆ ವಿಧಿಯಿಲ್ಲ. ಹತ್ತು ತಿಂಗಳಿಂದ ನೀವೆಲ್ಲ ಅದರ ಹೆಸರೆತ್ತದೆ ಓಡಾಡುತ್ತಿದ್ದೀರಿ, ನನ್ನ ಹಿತ್ತಲಲ್ಲಿ ಅಷ್ಟೆತ್ತರ ನಿಂತಿರುವುದು ಯಾರಿಗೂ ಕಾಣಿಸುತ್ತಲೇ ಇಲ್ಲ ಎಂಬ ಹಾಗೆ. ಹುಸ್ನಾಳ ನಿಶ್ಚಿತಾರ್ಥದ ದಿನ ಬಹಾರೊಮ್ ಎಲ್ಲರೆದುರು ಹೇಳಿದ್ದ: "ಸಾಕು ಈ ಟಾರ್ಪಾಲಿನ ಚಪ್ಪರ. ಗಾಳಿ ಬಂದ್ರೆ ಅಡುಗೆಗಿಂತ ಮೊದಲು ಅದೇ ಹಾರುತ್ತೆ. ಈ ಹುಡುಗಿ ಮದುವೆ ಅಡುಗೆ ಗಟ್ಟಿ ಚಾವಣಿ ಕೆಳಗೇ ಆಗ್ಬೇಕು." ಅವನ ಅಮ್ಮನ ಹಳೆಯ ಭತ್ತದ ಕಣಜ ಬಿಚ್ಚಿ ಆ ಕಂಬಗಳನ್ನೇ ನಿಲ್ಲಿಸಿದ. ತಾಹಿರ್ ಸಿಮೆಂಟು ಕಲಸಿದ. ನಾವಿಬ್ಬರೂ ಇಟ್ಟಿಗೆ ಹೊತ್ತೆವು. ದೊಡ್ಡ ಕೊಪ್ಪರಿಗೆ ಕೂರುವ ಹಾಗೆ ಸಾಲಾಗಿ ಮೂರು ಒಲೆ. ಈರುಳ್ಳಿ ಹೆಚ್ಚುವ ಹಲಗೆ ಯಾವ ಕಡೆಗೆ ಹಾಕಬೇಕೆಂದು ಅವನು ಕೇಳಿದಾಗ ನೀನು "ದಾರಿ ಕಡೆಗೆ. ಯಾರು ಯಾರ ಜೊತೆ ಬಂದ್ರು ಅಂತ ಕಾಣ್ಬೇಕಲ್ಲ" ಎಂದೆ. ಹಾಗೇ ಹಾಕಿದ. ಇಂದಿಗೂ ಹಾಗೇ ಇದೆ, ಹೋಗಿ ಬರುವವರು ಯಾರು ಎಂದು ನೋಡುವ ಕಣ್ಣುಗಳು ಮಾತ್ರ ಅಲ್ಲಿ ಇಲ್ಲ.

ಚಾವಣಿಗೆ ಇನ್ನೆರಡು ತಗಡು ಬಾಕಿಯಿತ್ತು. ಅಂದು ಸಂಜೆ ನಾನು ಬಾಳೆಹಣ್ಣು ಕರಿದು, ಚಹಾ ಮಾಡಿ, ಒಳಗಿನಿಂದ ಇಬ್ಬರನ್ನೂ ಕೂಗಿದೆ. ತಾಹಿರ್ ಬಂದ, ಮೆಟ್ಟಿಲ ಮೇಲೆ ಕೂತು ಲೋಟ ತೆಗೆದುಕೊಂಡ. ಬಹಾರೊಮ್ ಬರಲಿಲ್ಲ. ಹಿಂದಿನಿಂದ ಸದ್ದಾದಾಗ ತಗಡು ಜಾರಿತೆಂದೇ ಅಂದುಕೊಂಡೆ, ಅವನನ್ನು ಬೈಯಲು ಬಾಯಿ ತೆರೆದೆ ಕೂಡ.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನೆನಪಿಟ್ಟುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ, ನೀನಿದ್ದೆ. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ನಾನು ಮನೆಯೊಳಗೇ ಇದ್ದು ಮುಗಿಸುವವರೆಗೂ ನಿನ್ನ ಚಾಪೆ ನನ್ನ ಚಾಪೆಯ ಪಕ್ಕದಲ್ಲಿತ್ತು. ತಲೆ ಬಾಚಿದೆ, ಗಂಜಿ ಕುಡಿಸಿದೆ, ಕುಡಿಯದಿದ್ದರೆ ಬೈದೆ. ಅದನ್ನು ಮರೆತರೆ ನಾನು ಮನುಷ್ಯಳೇ ಅಲ್ಲ. ಆದರೆ ಆ ಬೈಗುಳ ಯಾಕೆ ನಿಂತುಹೋಯಿತು ಎಂದು ಕೇಳುತ್ತಿದ್ದೇನೆ. ಇದ್ದತ್ ಮುಗಿಸಿ ನಾನು ಹೊರಗೆ ಬಂದಾಗ ಊರಿಗೆ ಊರೇ ಪಿಸುದನಿಯಲ್ಲಿ ಮಾತಾಡುತ್ತಿತ್ತು. ಇಮಾಮರ ಮೊಮ್ಮಗನ ಸುನ್ನತಿಯ ಊಟಕ್ಕೆ, ಊರ ಹೆಂಗಸರೆಲ್ಲ ಸೇರಿ ಮಾಡುವ ಅಡುಗೆಗೆಂದು, ನನ್ನ ಚೂರಿ ತೆಗೆದುಕೊಂಡು ಹೋದೆ. ಯಾರೋ ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು "ಜವಾ ಅಕ್ಕ, ನೀವು ಕೂತ್ಕೊಳ್ಳಿ" ಎಂದರು. ಕೂತೆ. ಎಲ್ಲರೂ ನನ್ನ ಮುಂದೆ ನಗುವುದನ್ನು ನಿಲ್ಲಿಸಿದ್ದರು. ಯಾರೋ ನನ್ನ ಕಡೆ ನೋಡಿ ಮಾತನ್ನು ಅರ್ಧಕ್ಕೆ ನುಂಗಿದರು, ಅದರಲ್ಲಿ ಬಹಾರೊಮ್‌ನ ಹೆಸರಿತ್ತೇನೋ. ಅವನ ಹೆಸರು ಕಿವಿಗೆ ಬಿದ್ದರೆ ನಾನು ಮಡಕೆಯ ಹಾಗೆ ಒಡೆದುಹೋಗುತ್ತೇನೆಂದು ಊರಿಗೆಲ್ಲ ಹೇಳಿದವರು ಯಾರು? ಈ ರಂಜಾನಿಗೆ ನೀನು ಪೇಟೆಯಿಂದ ಹೊಲಿದ ಪರದೆಗಳನ್ನೇ ತಂದು ಕೊಟ್ಟೆ. "ನಿನಗ್ಯಾಕೆ ಕಷ್ಟ" ಎಂದೆ. ಕಷ್ಟ! ಗಂಡ ಹೋದ, ಸೌದಾ. ಅವನ ಜೊತೆ ನನ್ನ ಕತ್ತರಿ, ನನ್ನ ಸೌಟು, ನನ್ನ ಜಗಳ ಎಲ್ಲವನ್ನೂ ಯಾಕೆ ಮಣ್ಣು ಮಾಡಿದಿರಿ?

ಆದರೂ ನಾನು ಕಾಯುತ್ತಿದ್ದೆ. ಹುಸ್ನಾಳ ಮದುವೆಗೆ ಎಲ್ಲ ಸರಿಹೋಗುತ್ತದೆ ಎಂದು. ಚೂರಿಗಳನ್ನೆಲ್ಲ ಸಾಣೆ ಹಿಡಿಸಿ ತಂದಿಟ್ಟೆ. ಕೊಪ್ಪರಿಗೆಗಳನ್ನು ಬೂದಿ ಹಾಕಿ ಉಜ್ಜಿ ಬಿಸಿಲಿಗಿಟ್ಟೆ. ಅವು ಹಿತ್ತಲಲ್ಲಿ ಹೊಳೆಯುತ್ತಿದ್ದಾಗಲೇ ನೀನು ಲಗ್ನಪತ್ರಿಕೆ ಹಿಡಿದು ಬಂದೆ. ಅದರಲ್ಲಿ ಪೇಟೆಯ ಮದುವೆ ಹಾಲ್‌ನ ವಿಳಾಸವಿತ್ತು. ನಾನು ಓದಿ ನಿನ್ನ ಮುಖ ನೋಡಿದೆ. ನೀನು ಕೊಪ್ಪರಿಗೆಗಳನ್ನು ನೋಡುತ್ತಿದ್ದೆ. "ಬೀಗರ ಕಡೆಯವರ ಆಸೆ ಕಣೆ. ಹೊಗೆ, ಮಸಿ ಅವರಿಗೆ ಆಗಲ್ವಂತೆ. ಅಡುಗೆಯೋರನ್ನ ಗೊತ್ತು ಮಾಡಿದ್ದಾಯ್ತು. ಈಗ ಎಲ್ಲರೂ ಹಾಗೇ ಅಲ್ವಾ" ಎಂದೆ. "ಒಳ್ಳೇದಾಯ್ತು ಬಿಡು, ಕೆಲಸ ಉಳೀತು" ಎಂದೆ ನಾನು. ನಾನು ಹಾಗೆ ಅಂದದ್ದನ್ನು ನೀನು ನಂಬಿದೆ ಎಂದು ಮಾತ್ರ ನನಗೆ ಹೇಳಬೇಡ. ನನ್ನ ಸುಳ್ಳು ನಿನಗೆ ತಿಳಿಯದೇ ಇದ್ದದ್ದು ಯಾವಾಗ?

ಹಾಗಾಗಿ ಆರನೇ ಟೇಬಲ್ಲು. ರೆಂದಾಂಗ್ ಬಂತು. ಬಾಯಿಗಿಟ್ಟೆ. ಸಕ್ಕರೆ! ಹುರಿದು ಕುಟ್ಟಿದ ಕೊಬ್ಬರಿಯ ಗಂಧವೂ ಇಲ್ಲ, ಮಾಂಸ ಒಂದು ಕಡೆ, ಗೊಜ್ಜು ಒಂದು ಕಡೆ, ಇಬ್ಬರಿಗೂ ಪರಿಚಯವೇ ಆದಂತಿಲ್ಲ. ಹುಸ್ನಾಳ ಮದುವೆಯಲ್ಲಿ ಜನ ಇದನ್ನು ತಿನ್ನುವುದೇ? ನಾನು ಎದ್ದು ಹಿಂದಿನ ಬಾಗಿಲಿಂದ ಅಡುಗೆಯವರು ಇದ್ದ ಕಡೆ ಹೋದೆ. ಅಡುಗೆ ಬಿಸಿಯಾಗಿಡುವ ಸ್ಟೀಲಿನ ಪೆಟ್ಟಿಗೆಗಳು, ಕಪ್ಪು ಕೋಟು ಹಾಕಿದ ಒಬ್ಬ ಮೇಲ್ವಿಚಾರಕಿ. "ಅತ್ತೆ, ಅತಿಥಿಗಳು ಇಲ್ಲಿಗೆ ಬರೋ ಹಾಗಿಲ್ಲ" ಎಂದಳು.

"ನಾನು ಅತಿಥಿ ಅಲ್ಲ" ಎಂದೆ.

"ಮತ್ತೆ ಯಾರು ತಾವು?"

"ಈ ಹುಡುಗೀರ ಅಮ್ಮಂದಿರ ಮದುವೆಗೆಲ್ಲ ರೆಂದಾಂಗ್ ಮಾಡಿದವಳು. ಕೊಬ್ಬರಿ ಇದೆಯಾ? ಒಲೆ ಹಚ್ಚು, ಇನ್ನೂ ಸರಿ ಮಾಡಬಹುದು" ಎಂದು ಸೌಟಿಗೆ ಕೈ ಹಾಕಿದೆ. ಅವಳು ಬಿಡಲಿಲ್ಲ, ನಾನೂ ಬಿಡಲಿಲ್ಲ. ಆ ಎಳೆದಾಟದಲ್ಲಿ ಗೊಜ್ಜು ಚೆಲ್ಲಿ ನನ್ನ ಹೊಸ ಬಾಜು ಕುರುಂಗ್ ನಿಲುವಂಗಿಯ ಮೇಲೆಲ್ಲ ಬಿತ್ತು. ಅಷ್ಟರಲ್ಲಿ ನೀನು ಬಂದೆ, ಜರಿಯ ಉಡುಪಿನಲ್ಲಿ ಓಡಿಕೊಂಡು.

ನೀನು ಬಂದದ್ದು ನೋಡಿ ನನಗೆ ಧೈರ್ಯ ಬಂತು, ಗೊತ್ತಾ? ಇಷ್ಟು ವರ್ಷ ಯಾರಾದರೂ ನನ್ನ ಅಡುಗೆಯ ನಡುವೆ ಬಾಯಿ ಹಾಕಿದರೆ ಸೊಂಟಕ್ಕೆ ಕೈ ಕೊಟ್ಟು ನನ್ನ ಪಕ್ಕ ನಿಲ್ಲುತ್ತಿದ್ದವಳು ನೀನು. ನೀನು ನನ್ನ ಪಕ್ಕ ನಿಲ್ಲಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡೆ. "ಬಾ ಜವಾ, ಬಾ, ಕೂತ್ಕೋ ಬಾ" ಎಂದೆ. ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ ಹೇಳಿದೆ: "ತಪ್ಪು ತಿಳ್ಕೋಬೇಡಮ್ಮ. ಇವಳ ಮನೆಯವರು ಹೋದಮೇಲೆ ಸ್ವಲ್ಪ..."

ಸ್ವಲ್ಪ ಏನು, ಸೌದಾ?

ಅಲ್ಲಿಗೇ ನಿಲ್ಲಿಸಿದೆಯಲ್ಲ, ಮುಗಿಸು ಈಗ. ಸ್ವಲ್ಪ ತಲೆಕೆಟ್ಟಿದೆ ಎಂದೇ? ಸ್ವಲ್ಪ ಪಾಪದವಳು ಎಂದೇ? ಇಷ್ಟು ವರ್ಷದಲ್ಲಿ ನೀನು ನನಗೆ ಮೊಂಡಿ, ಜಗಳಗಂಟಿ, ಉಪ್ಪಿನ ಭೂತ ಎಂದೆಲ್ಲ ಅಂದಿದ್ದೀಯ. ಒಂದೂ ನನಗೆ ನೋಯಲಿಲ್ಲ. ಈ ಅರ್ಧ ವಾಕ್ಯ ನೋಯಿಸಿತು. ನಿನ್ನ ಕೈ ಬಿಡಿಸಿಕೊಂಡು, ಹುಸ್ನಾಳ ಮುಖವನ್ನೂ ನೋಡದೆ, ಯಾರದೋ ಕಾರು ಹತ್ತಿ ಊರಿಗೆ ಬಂದೆ. ಬಟ್ಟೆ ಕೂಡ ಬದಲಿಸಲಿಲ್ಲ. ಬಹಾರೊಮ್‌ನ ದೊಡ್ಡ ಸುತ್ತಿಗೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ಯಾರಿಗೂ ಬೇಡದ ಚಪ್ಪರ ನನಗೂ ಬೇಡ ಎಂದು ಮೊದಲನೆಯ ಒಲೆಗೆ ಹೊಡೆದೆ. ಇಟ್ಟಿಗೆಯ ಒಂದು ಮೂಲೆ ಹಾರಿತು ಅಷ್ಟೆ. ನೀರಿನ ಇಳಿಜಾರು ತಪ್ಪಿದ ಆ ಮನುಷ್ಯ ಒಲೆಯನ್ನು ಎಷ್ಟು ಗಟ್ಟಿಯಾಗಿ ಕಟ್ಟಿದ್ದಾನೆಂದರೆ ನನ್ನ ಮುಂಗೈಯೇ ಊದಿಕೊಂಡಿತು. ಅಲ್ಲೇ ಕೂತು ಅವನನ್ನೂ ಬೈದೆ. ನಿನ್ನನ್ನು ಬೈದಷ್ಟೇ ಬೈದೆ.

ಮೂರು ನಾಲ್ಕು ದಿನವಾದ ಮೇಲೆ ಹುಸ್ನಾ ಗಂಡನನ್ನು ಕರೆದುಕೊಂಡು ಬಂದಳು. ಇದನ್ನು ಅವಳು ನಿನಗೆ ಹೇಳಿರಲಿಕ್ಕಿಲ್ಲ. ನಾನು ಬಾಗಿಲು ತೆಗೆದೆ, ಅವಳು ಬಾಗಿಲು ಒಡೆಯುವ ಹಾಗೆ ಬಡಿದಳು, ಥೇಟ್ ಮೊದಲಿನ ನಿನ್ನ ಹಾಗೇ. ಹುಡುಗ ಮಲಾಕಾದವನು, ಸಂಕೋಚದ ಸ್ವಭಾವ, ಮಂಡಿ ಮಡಚಿ ಕೂತ. ನನಗೆ ಅವನ ಮೇಲೂ ಸಿಟ್ಟಿತ್ತಲ್ಲ, ಚಹಾ ಕೊಡುತ್ತಾ ಕುಟುಕಿದೆ. "ಕುಡಿಯಪ್ಪ. ಗ್ಯಾಸಿನಲ್ಲೇ ಕಾಯಿಸಿದ್ದು. ನಿಮ್ಮ ಮನೆಯೋರಿಗೆ ಹೊಗೆ ಆಗಲ್ವಂತಲ್ಲ" ಎಂದೆ.

ಅವನು ಕಣ್ಣುಬಿಟ್ಟು ನೋಡಿದ. "ಯಾರಿಗೆ ದೊಡ್ಡಮ್ಮ? ನಮ್ಮಮ್ಮ ಹಳ್ಳಿ ಮದುವೆ ಅಡುಗೆ ತಿನ್ಬೇಕು ಅಂತ ತುಂಬ ಆಸೆಪಟ್ಟಿದ್ರು. ಹಾಲ್‌ನಲ್ಲಿ ಮದುವೆ ಅಂದಾಗ ಅವರಿಗೇ ಬೇಜಾರಾಯ್ತು."

ನಾನು ಹುಸ್ನಾಳನ್ನು ನೋಡಿದೆ. ಅವಳು ಲೋಟ ಕೆಳಗಿಟ್ಟು ಅಳತೊಡಗಿದಳು. "ಅಪ್ಪ ಆ ಚಪ್ಪರದ ಹತ್ರ ಬರಲ್ಲ ದೊಡ್ಡಮ್ಮ. ನಿಮ್ಮ ಮನೆ ದಾರೀಲೇ ಬರಲ್ಲ. ಮಸೀದಿಗೆ ರಬ್ಬರ್ ತೋಟ ಸುತ್ತಿ ಹೋಗ್ತಾರೆ. ಅಲ್ಲಿ ಅಡುಗೆ ಅಂದ್ರೆ ನಾನು ಮದುವೇಗೇ ಇರಲ್ಲ ಅಂದ್ಬಿಟ್ರು. ಅಮ್ಮ ಏನ್ಮಾಡ್ತಾಳೆ? ನಿಮಗೆ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡ್ಳು."

ತಾಹಿರ್ ಮನೆಗೆ ಬರುತ್ತಿಲ್ಲವೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಒಂಟಿ ಹೆಂಗಸಿನ ಮನೆಗೆ ಬರಲು ಸಂಕೋಚವೇನೋ ಎಂದುಕೊಂಡಿದ್ದೆ. ಅವನು ಹೆದರಿಕೊಂಡು ಹತ್ತು ತಿಂಗಳು ಊರು ಸುತ್ತುತ್ತಿದ್ದಾನೆಂದು ನನಗೆ ಯಾರು ಹೇಳಿದರು? ನೀನು ಅವನನ್ನು ನನ್ನಿಂದ ಬಚ್ಚಿಟ್ಟೆ, ನನ್ನನ್ನು ಅವನಿಂದ ಬಚ್ಚಿಟ್ಟೆ, ನಡುವೆ ನಿಂತು ಬೀಗರ ತಲೆಗೆ ಸುಳ್ಳು ಕಟ್ಟಿದೆ. ಒಬ್ಬಳೇ ಎಲ್ಲ ಹೊರುವ ಗತ್ತು ನಿನಗೆ! ಇಟ್ಟಿಗೆ ಹೊರುವಾಗ ಮಾತ್ರ ಅರ್ಧ ಬುಟ್ಟಿ ನನ್ನ ತಲೆಗೆ ಹಾಕುತ್ತಿದ್ದೆಯಲ್ಲ, ಇದರಲ್ಲಿ ಯಾಕೆ ಹಾಕಲಿಲ್ಲ?

ಮರುದಿನ ಅಸರ್ ನಮಾಜಿಗೆ ಮೊದಲು ನಾನು ರಬ್ಬರ್ ತೋಟದ ತಿರುವಿಗೆ ಹೋಗಿ ದಾರಿಯ ನಡುವೆ ನಿಂತೆ. ನಿನ್ನ ಗಂಡನ ಬೈಕು ಬಂತು. ನನ್ನನ್ನು ನೋಡಿ ತಿರುಗಿಸಲು ನೋಡಿದ, ಕೆಸರಿನಲ್ಲಿ ಚಕ್ರ ಹೂತುಕೊಂಡಿತು.

"ಇಳಿ ತಾಹಿರ್" ಎಂದೆ.

ಇಳಿದ. ತಲೆ ಎತ್ತಲಿಲ್ಲ. ಎಷ್ಟು ಸೊರಗಿದ್ದಾನೆ ನಿನ್ನ ಗಂಡ. ಅದನ್ನಾದರೂ ನೀನು ನನಗೆ ಹೇಳಬಾರದಿತ್ತೇ?

"ಈ ದಾರೀಲಿ ಯಾಕೆ ಹೋಗ್ತೀಯ?"

ಚಕ್ರಕ್ಕೆ ಮೆತ್ತಿದ ಕೆಸರನ್ನು ಚಪ್ಪಲಿಯಿಂದ ಕೆರೆದ. ಆಮೇಲೆ ಹೇಳಿದ: "ಏಣಿ ಹಿಡ್ಕೊಂಡಿದ್ದೋನು ನಾನು, ಜವಾ. ಬಿಟ್ಟು ಬಂದೆ. ಚಹಾ ಕುಡಿಯೋಕೆ ಬಿಟ್ಟು ಬಂದೆ."

"ಚಹಾಕ್ಕೆ ಕರೆದಿದ್ದು ಯಾರು?"

ಅವನು ತಲೆ ಎತ್ತಿದ.

"ನಾನು ತಾನೇ ಕರೆದಿದ್ದು? ಹಾಗಾದ್ರೆ ಕೊಂದೋಳು ನಾನಾ? ಹೇಳು. ನೀನು ಏಣಿ ಬಿಟ್ಟಿದ್ದು ತಪ್ಪು ಅಂದ್ರೆ ನಾನು ಕರೆದಿದ್ದೂ ತಪ್ಪು. ಇಬ್ಬರೂ ಒಟ್ಟಿಗೆ ರಬ್ಬರ್ ತೋಟ ಸುತ್ತೋಣ, ಬಾ."

"ಹಾಗಲ್ಲ ಜವಾ..."

"ಡಾಕ್ಟರು ಹೇಳಿದ್ದು ನಿನ್ನ ಎದುರಿಗೇ. ಹೃದಯ ನಿಂತಿದ್ದು ಮೊದಲು, ಬಿದ್ದಿದ್ದು ಆಮೇಲೆ. ಅವನು ಕುರ್ಚಿ ಮೇಲೆ ಕೂತಿದ್ರೂ ಹೋಗ್ತಿದ್ದ, ನನ್ನ ಪಕ್ಕ ಮಲಗಿದ್ರೂ ಹೋಗ್ತಿದ್ದ. ನೀನು ಏಣಿ ಅಲ್ಲ, ಅವನ ಕಾಲೇ ಹಿಡ್ಕೊಂಡಿದ್ರೂ ಹೋಗ್ತಿದ್ದ. ನಲವತ್ತು ವರ್ಷದ ಗೆಳೆಯ ನೀನು. ನನ್ನ ಗಂಡನ ಹೆಸರು ಹೇಳೋಕೆ ಈ ಊರಲ್ಲಿ ನನಗೆ ಉಳಿದಿದ್ದೇ ನೀನೊಬ್ಬ. ನೀನೂ ಓಡಿಹೋದ್ರೆ ನಾನು ಯಾರ ಹತ್ರ ಅವನನ್ನ ಬೈಯಲಿ?"

ಕೂಗುತ್ತಿದ್ದೆ, ಸೌದಾ. ರಬ್ಬರ್ ಹಾಲು ಇಳಿಸುವವರು ನಿಂತು ನೋಡುತ್ತಿದ್ದರು. ನಿನ್ನ ಗಂಡ ಬೈಕಿನ ಸೀಟಿನ ಮೇಲೆ ಮುಖವಿಟ್ಟು ಅತ್ತ. ನಾನು ಸಮಾಧಾನ ಮಾಡಲಿಲ್ಲ. ನನ್ನನ್ನು ಎಲ್ಲರೂ ಸಮಾಧಾನ ಮಾಡಿ ಮಾಡಿ ಅದರ ರುಚಿ ನನಗೆ ಗೊತ್ತಾಗಿದೆ. "ಚಾವಣಿಗೆ ಎರಡು ತಗಡು ಬಾಕಿ ಇದೆ. ಮೊಳೆ ನನ್ನ ಹತ್ರ ಇದೆ" ಎಂದಷ್ಟೇ ಹೇಳಿ, ಬೈಕನ್ನು ಕೆಸರಿನಿಂದ ಹಿಂದಿನಿಂದ ತಳ್ಳಿಕೊಟ್ಟು ಬಂದೆ. ಸೊಂಟ ಇನ್ನೂ ನೋಯುತ್ತಿದೆ.

ಈಗ ನನ್ನ ಮಾತಿಗೆ ಬರುತ್ತೇನೆ. ಬರುವ ಭಾನುವಾರ ಬಹಾರೊಮ್‌ನ ಹೆಸರಿನಲ್ಲಿ ಊಟ. ಇಮಾಮರಿಗೆ ಹೇಳಿದ್ದೇನೆ, ಎಮ್ಮೆ ಮಾಂಸಕ್ಕೂ ಹೇಳಿದ್ದೇನೆ. ಹುಸ್ನಾ ಬರುತ್ತಾಳೆ, ಅವಳ ಅತ್ತೆಯೂ ಮಲಾಕಾದಿಂದ ಬರುತ್ತಾರೆ, ಹೊಗೆ ಕುಡಿಯಲು. ನೀನು ಶನಿವಾರವೇ ಬರಬೇಕು. ಅಲಂಕಾರ ಮಾಡಿಕೊಂಡು ಭಾನುವಾರ ಮಧ್ಯಾಹ್ನ ತಟ್ಟೆಯ ಮುಂದೆ ಬಂದು ಕೂರಬೇಡ. ಹಳೆಯ ಬಟ್ಟೆ ಹಾಕಿಕೊ, ನಿನ್ನ ಚೂರಿ ತಾ, ನನ್ನದು ಮುಟ್ಟಬೇಡ. ಈರುಳ್ಳಿ ಪೂರ್ತಿ ನಿನಗೆ. ಅಳುವುದಿದ್ದರೆ ಅಲ್ಲೇ ಅಳು, ಯಾರಿಗೂ ಗೊತ್ತಾಗುವುದಿಲ್ಲ. ಉಪ್ಪು ನಾನು ಹಾಕುತ್ತೇನೆ. ಜಾಸ್ತಿಯಾಯಿತು ಎಂದು ನೀನು ಕೂಗಾಡಬೇಕು, ಎಲ್ಲರಿಗೂ ಕೇಳುವ ಹಾಗೆ, ಹಳೆಯ ದನಿಯಲ್ಲಿ. ಯಾರಾದರೂ ನನ್ನ ಮೊಣಕೈ ಹಿಡಿದು "ಕೂತ್ಕೊಳ್ಳಿ" ಎಂದರೆ ಅವರನ್ನು ಓಡಿಸುವ ಕೆಲಸವೂ ನಿನ್ನದೇ.

ಕೋಪ ಇಳಿದಿದೆ ಎಂದುಕೊಳ್ಳಬೇಡ.

ನಿನ್ನ ಗೌರವಾನ್ವಿತ ಅತಿಥಿಯಲ್ಲದ,
ಜವಾಹಿರ್

ಮರೆತಿದ್ದು: ನಾಲ್ಕು ದಿನದಿಂದ ತಾಹಿರ್ ಬೆಳಿಗ್ಗೆ ಹೊರಟು ದುರಿಯನ್ ತೋಟದ ಕಳೆ ಕೀಳಲು ಹೋಗುತ್ತೇನೆಂದು ನಿನಗೆ ಹೇಳುತ್ತಿದ್ದಾನಲ್ಲ, ತೋಟಕ್ಕೆ ಹೋಗುತ್ತಿಲ್ಲ. ಇಲ್ಲಿಗೆ ಬರುತ್ತಿದ್ದಾನೆ. ಮೊದಲ ದಿನ ಚಪ್ಪರದ ಹೊರಗೇ ನಿಂತು ಹೋದ. ಎರಡನೆಯ ದಿನ ನಾನು ಒಡೆದ ಒಲೆಗೆ ಸಿಮೆಂಟು ಹಚ್ಚಿದ. ನಿನ್ನೆ ಎರಡೂ ತಗಡು ಬಿಗಿದು ಮುಗಿಸಿದ. ಕೆಳಗಿಳಿದು ಕೈ ತೊಳೆಯುತ್ತಾ, ನಾನು ಕೇಳದೆಯೇ ಹೇಳಿದ. ಅಂದು ನಾನು ಚಹಾಕ್ಕೆ ಕೂಗಿದಾಗ ಬಹಾರೊಮ್ ಮೇಲಿನಿಂದ ಅವನಿಗೆ ಹೀಗೆ ಅಂದಿದ್ದನಂತೆ: "ನೀನು ಹೋಗೋ ಮಾರಾಯ. ಅವಳು ಎರಡನೇ ಸಲ ಕರೆದ್ಲು ಅಂದ್ರೆ ಇಬ್ಬರಿಗೂ ಚಹಾ ಇಲ್ಲ." ಹಾಗೆಂದು ಜೋರಾಗಿ ನಕ್ಕನಂತೆ. ತಾಹಿರ್ ಮೆಟ್ಟಿಲ ಹತ್ತಿರ ಬರುವವರೆಗೂ ಆ ನಗು ಕೇಳುತ್ತಿತ್ತಂತೆ. ಸೌದಾ, ಇಷ್ಟು ದಿನ ನಾನು, ಬಹಾರೊಮ್ ಅಲ್ಲಿ ಒಬ್ಬನೇ ಹೆದರಿಕೊಂಡು, ನನ್ನನ್ನು ಕರೆಯಲು ದನಿ ಬಾರದೆ ಹೋದ ಎಂದೇ ತಿಳಿದಿದ್ದೆ. ದಿನಾ ಅದನ್ನೇ ನೆನೆಯುತ್ತಾ ಮಲಗುತ್ತಿದ್ದೆ. ಅವನು ನಗುತ್ತಿದ್ದ, ನನ್ನನ್ನು ಆಡಿಕೊಂಡು ನಗುತ್ತಿದ್ದ, ಮತ್ತು ಆ ನಗು ಹತ್ತು ತಿಂಗಳು ಕಾಲುವೆಯಾಚೆ ನಿಮ್ಮ ಮನೆಯಲ್ಲಿತ್ತು. "ಸೌದಾಳಿಗೂ ಹೇಳಿದ್ದೆ. ನಿನಗೆ ಹೇಳಿದ್ರೆ ನೀನು ತಡ್ಕೊಳ್ಳಲ್ಲ ಅಂತ ಅವಳೇ ಬೇಡ ಅಂದ್ಲು" ಎಂದ ತಾಹಿರ್. ತಡೆದುಕೊಂಡೆ, ನೋಡು. ರಾತ್ರಿಯಿಡೀ ಚೆನ್ನಾಗಿ ನಿದ್ದೆ ಮಾಡಿದೆ. ಶನಿವಾರದವರೆಗೆ ಕಾಯಬೇಡ, ಇದನ್ನು ಓದಿದ ಕೂಡಲೇ ಬಾ. ನಿನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಬೈಯುವುದು ಇನ್ನೂ ಬಹಳ ಇದೆ.